ಪೀತಮ್‌ಪುರದಲ್ಲಿ ಕಸದ ತುಲಾಭಾರ

ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ರೈಲು ಹತ್ತಿ ಹೋದ ಮರುದಿನ ಬೆಳಿಗ್ಗೆ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಕೆಳಮನೆಯ ಖುರಾನಾ ಆಂಟಿ. ಕೈಯಲ್ಲಿ ಪುಟ್ಟದೊಂದು ಪ್ಲಾಸ್ಟಿಕ್ ಚೀಲ. ಇಷ್ಟು ದಿನ ಬಂದವರೆಲ್ಲ ಹೀಗೆ ಏನಾದರೊಂದು ಹಿಡಿದೇ ಬರುತ್ತಿದ್ದರು, ಹಣ್ಣು, ಹಾಲು, ಖಿಚಡಿ. ನಾನು ಕೈಚಾಚಿ ತೆಗೆದುಕೊಂಡು, "ಯಾಕೆ ತೊಂದರೆ ತೊಗೊಂಡ್ರಿ ಆಂಟಿ" ಎಂದೆ.

"ತೊಂದರೆ ಏನು ಬಂತು ಬೇಟಾ, ತೂಗು," ಎಂದರು ಆಂಟಿ.

ಚೀಲದಲ್ಲಿ ಒಂದು ನಿಂಬೆಹಣ್ಣಿನ ಸಿಪ್ಪೆ ಮತ್ತು ಸ್ವಲ್ಪ ಸೋರೆಕಾಯಿ ಸಿಪ್ಪೆ ಇದ್ದವು. ತೊಳೆದು, ತಾರಸಿಯ ಬಿಸಿಲಲ್ಲಿ ಒಣಗಿಸಿದ್ದವು. ಹಪ್ಪಳದ ಹಾಗೆ ಗರಿಗರಿಯಾಗಿದ್ದವು.

"ನೀನು ದುಃಖದಲ್ಲಿದ್ದೀಯ ಅಂತ ನಮಗೆ ಗೊತ್ತು. ನಗರ ನಿಗಮದವರಿಗೆ ಗೊತ್ತಾ? ಇಷ್ಟು ದಿನ ಯಾರೂ ತೂಗಲಿಲ್ಲ, ಆದ್ದರಿಂದ ಇವರ ಕಸ ಬಹಳ ಅಂತ ಬರೆದು ಒಟ್ಟಿಗೆ ಟ್ಯಾಕ್ಸ್ ಹಾಕಿಬಿಟ್ಟರೆ? ನಾನು ಪೆನ್ಷನ್ ನಂಬಿದವಳು. ಚಲೋ, ಚಪ್ಪಲಿ ಹಾಕು. ಕೆಳಗೆ ಎಲ್ಲರೂ ಕಾಯ್ತಿದ್ದಾರೆ."

ಬಗ್ಗಿ ನೋಡಿದೆ. ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ನಮ್ಮ ಬ್ಲಾಕಿನ ಜನ ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಪ್ರಸಾದದ ಪೊಟ್ಟಣದಷ್ಟು ಕಸ.

ಇದು ನನ್ನ ಗಂಡ ಚಿರಂತ್ ಬಿಟ್ಟುಹೋದ ಆಸ್ತಿ.

ಚಿರಂತ್ ತೀರಿಕೊಂಡದ್ದು ಮೆಟ್ರೊದಲ್ಲಿ, ಕೂತಲ್ಲೇ. ಇಳಿಯಬೇಕಾದ ನಿಲ್ದಾಣದಲ್ಲಿ ಇಳಿಯಲಿಲ್ಲ. ಯೋಚನೆ ಮಾಡುತ್ತ ಇಳಿಯುವುದನ್ನು ಮರೆತು, ಕೊನೆಯ ನಿಲ್ದಾಣದವರೆಗೆ ಹೋಗಿ ವಾಪಸು ಬರುವುದು ಅವನ ಅಭ್ಯಾಸವಾಗಿತ್ತು. ಹಾಗಾಗಿ ತಡವಾದಾಗ ನಾನು ಗಾಬರಿಯಾಗಲಿಲ್ಲ, ಸಾರು ಬಿಸಿ ಮಾಡಿಟ್ಟೆ. ಹೃದಯ, ಎಂದರು ಡಾಕ್ಟರು.

ಅವನು ನಗರಾಡಳಿತದ ಬಗ್ಗೆ ಅಧ್ಯಯನ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಸಂಶೋಧಕ. ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಅವನ ಉದ್ಯೋಗ. ಆ ಊರಿನ ನೀರು, ಈ ಊರಿನ ನೀರು. ಅಲ್ಲಿಯ ಬೀದಿದೀಪ, ಇಲ್ಲಿಯ ಬೀದಿದೀಪ. ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಕ್ಕೆ ಸಕ್ಕರೆ ತುಂಬುತ್ತಿದ್ದ, ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿ ಹೋಗುತ್ತಿದ್ದ. ಅಂಕಿಗಳಲ್ಲಿ ಮಾತ್ರ ತಪ್ಪುತ್ತಿರಲಿಲ್ಲ. ಮನುಷ್ಯನಿಗೆ ಎಲ್ಲಾದರೂ ಒಂದು ಕಡೆ ಹೆಮ್ಮೆ ಇರಬೇಕಷ್ಟೆ.

ಈ ಸಲದ ವಿಷಯ ಮನೆಯ ಕಸ. ದಾವಣಗೆರೆಯ ಒಂದು ಬೀದಿ, ದೆಹಲಿಯ ಒಂದು ಬೀದಿ. ಒಂದು ಮನೆ ದಿನಕ್ಕೆ ಎಷ್ಟು ಕಸ ಹೊರಹಾಕುತ್ತದೆ? ದಾವಣಗೆರೆಯಲ್ಲಿ ಅವನ ಸಹೋದ್ಯೋಗಿ ಹರ್ಷಿಣಿ ತೂಗಿದಳು. ಅಲ್ಲಿಯ ಜನ ಕಸ ತೂಗಿಸಿ ಕಾಫಿ ಕೊಟ್ಟು ಕಳಿಸಿದರಂತೆ. ಪಕ್ಕದ ಮನೆಯ ಕಸಕ್ಕಿಂತ ನಮ್ಮದು ಕಡಿಮೆಯಾಯಿತಲ್ಲ ಎಂದು ಒಬ್ಬರು ಬೇಜಾರಾಗಿ, ಮರುದಿನ ಹಳೆಯ ಹಾಸಿಗೆಯನ್ನೇ ಹಾಕಿದರಂತೆ. ದೆಹಲಿಯ ಬೀದಿ ಎಂದರೆ ನಮ್ಮದೇ, ಪೀತಮ್‌ಪುರದ ಈ ಬ್ಲಾಕ್. ಬಸ್ ಹತ್ತುವ ಗೋಜಿಲ್ಲ ಎಂದು ಚಿರಂತ್ ಆರಿಸಿಕೊಂಡಿದ್ದ.

ತಕ್ಕಡಿ ಮಾತ್ರ ಇರಲಿಲ್ಲ. ಸಂಸ್ಥೆಯ ತಕ್ಕಡಿ ದಾವಣಗೆರೆಯಲ್ಲಿತ್ತು. ಅವನು ಜನಕಪುರಿಗೆ ಹೋಗಿ ಕೇಶವಮೂರ್ತಿ ಅಂಕಲ್‌ರನ್ನು ಕೇಳಿದ. ಅವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾದವರು, ಅಲ್ಲಿಯ ಕನ್ನಡದವರು ನಡೆಸುವ ಪುಟ್ಟ ದೇವಸ್ಥಾನದ ಕಾರ್ಯದರ್ಶಿ.

"ಅಂಕಲ್, ಹೋಲಿಸಿ ನೋಡೋ ಅಧ್ಯಯನ. ಒಂದು ತಕ್ಕಡಿ ಬೇಕಿತ್ತು."

"ಅಧ್ಯಯನ ಅಂದ್ರೆ ಸರಸ್ವತಿ ಕೆಲಸ," ಎಂದು ಕೇಶವಮೂರ್ತಿ ಅಂಕಲ್ ದೇವಸ್ಥಾನದ ತುಲಾಭಾರದ ತಕ್ಕಡಿಯನ್ನೇ ಬಿಚ್ಚಿ ಕೊಟ್ಟರು. ಏನನ್ನು ತೂಗುತ್ತೀಯ ಎಂದು ಅವರು ಕೇಳಲಿಲ್ಲ. ಇವನೂ ಹೇಳಲಿಲ್ಲ. ಇಬ್ಬರೂ ಸಜ್ಜನರು.

ಆಳುದ್ದದ ಕಬ್ಬಿಣದ ದಂಡ, ನಾಲ್ಕು ನಾಲ್ಕು ಸರಪಳಿ, ಮನುಷ್ಯ ಪದ್ಮಾಸನ ಹಾಕಿ ಕೂರಬಹುದಾದ ಎರಡು ಮರದ ತಟ್ಟೆ. ಜೊತೆಗೆ ನೈವೇದ್ಯದ ಅಕ್ಕಿ ತೂಗುವ ಕಬ್ಬಿಣದ ತೂಕದ ಕಲ್ಲುಗಳು. ಚಿರಂತ್ ಅದನ್ನು ಕೆಳಗೆ, ಹಿಂದೆ ಯಾರೋ ಮಕ್ಕಳಿಗೆ ಉಯ್ಯಾಲೆ ಕಟ್ಟುತ್ತಿದ್ದ ಕೊಂಡಿಗೆ ನೇತುಹಾಕಿದ. ಸಂಜೆ ಅರ್ಧ ಕಿಲೋ ಕಲ್ಲೊಂದನ್ನು ಮೇಲೆ ತಂದು, ಫ್ಯಾನಿಗೆ ಹಾರದಂತೆ ತನ್ನ ಕಾಗದಗಳ ಮೇಲೆ ಇಡುತ್ತಿದ್ದ.

ಅಷ್ಟು ದೊಡ್ಡ ತಕ್ಕಡಿ ಕಂಡರೆ ಯಾವ ನಾಗರಿಕ ಸುಮ್ಮನಿರುತ್ತಾನೆ? ಬ್ಲಾಕಿನ ನಿವಾಸಿಗಳ ಸಂಘದ ಪ್ರಧಾನ್ ಸಿಂಘಲ್ ಸಾಹೇಬರು ಬಂದು, "ಇದು ನಿಗಮದ್ದಾ?" ಎಂದು ಕೇಳಿದರು. ಹೌದು ಅಥವಾ ಅಲ್ಲ ಎನ್ನಬೇಕಾದ ಕಡೆ ಚಿರಂತ್ ಪಾಠ ಶುರುಮಾಡಿದ. ಕೆಲವು ದೇಶಗಳಲ್ಲಿ ಕಸ ತೂಗಿ, ತೂಕದ ಮೇಲೆ ಶುಲ್ಕ ಹಾಕುತ್ತಾರೆ. ಬೇರೆ ಕೆಲವು ಕಡೆ ಚೀಲದ ಲೆಕ್ಕ. ಇವನ್ನೆಲ್ಲ ಹೋಲಿಸಿ ನೋಡಿದಾಗ... ಹೋಲಿಸಿ ನೋಡುವವರೆಗೆ ಸಿಂಘಲ್ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು: ಕಸಕ್ಕೆ ಕಿಲೋ ಲೆಕ್ಕದಲ್ಲಿ ಟ್ಯಾಕ್ಸ್, ನಮ್ಮ ಬ್ಲಾಕಿನಿಂದಲೇ ಆರಂಭ, ತಕ್ಕಡಿ ಬಂದಾಗಿದೆ.

ಪರದೇಶದ ಉದಾಹರಣೆ ಕೊಡುವವರು ಇದನ್ನು ನೆನಪಿಡಬೇಕು. ಕೇಳುವವರಿಗೆ ದೇಶ ಮರೆತುಹೋಗುತ್ತದೆ, ಟ್ಯಾಕ್ಸ್ ಮಾತ್ರ ನೆನಪಿರುತ್ತದೆ.

ಚಿರಂತ್ ಆ ಗುಂಪಿನಲ್ಲಿರಲಿಲ್ಲ. ಸೇರಲು ಹೋಗಿ ಇನ್ಯಾವುದೋ ಬ್ಲಾಕಿನ ಗುಂಪಿಗೆ ಸೇರಿಕೊಂಡು, ಅಲ್ಲಿಯ ಪಾರ್ಕಿಂಗ್ ಜಗಳಗಳನ್ನು ಶ್ರದ್ಧೆಯಿಂದ ಓದುತ್ತಿದ್ದ. ಇತ್ತ ಕಸ ದಿನದಿಂದ ದಿನಕ್ಕೆ ಇಳಿಯಿತು. ಕೊನೆಯ ಸಂಜೆ ಅವನು ಕಾಗದ ಹರಡಿಕೊಂಡು ಕೂತು ಹೇಳಿದ್ದು ನನಗೆ ನೆನಪಿದೆ. "ಇಂಚರಾ, ಈ ಅಂಕಿ ಎಲ್ಲೋ ತಪ್ಪಿದೆ ಕಣೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ತಪ್ಪು ಅಂಕಿ ಮೇಲೆ ನನ್ನ ಹೆಸರು ಬಂದ್ರೆ ನಾನು ಯಾರ ಮುಖ ನೋಡ್ಲಿ?"

"ಸಾರು ಹಾಕ್ಲಾ?" ಎಂದಿದ್ದೆ.

ಆಂಟಿ ಕರೆದ ಆ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಂಡು ಇಳಿದೆ. ಮನೆಯಲ್ಲಿ ಬೇರೇನೂ ಕೆಲಸವಿರಲಿಲ್ಲ. ಖುರಾನಾ ಆಂಟಿಯ ಸಿಪ್ಪೆಯನ್ನು ತಟ್ಟೆಯ ಮೇಲಿಟ್ಟೆ. ಮನುಷ್ಯರನ್ನು ತೂಗಿ ಅಭ್ಯಾಸವಾದ ತಕ್ಕಡಿ ಅಲುಗಾಡಲಿಲ್ಲ.

"ಸೊನ್ನೆ," ಎಂದೆ.

"ಸೊನ್ನೆ!" ಎಂದು ಆಂಟಿ ಸಾಲಿನ ಕಡೆ ತಿರುಗಿದರು, ಬೋರ್ಡ್ ಪರೀಕ್ಷೆಯ ಫಲಿತಾಂಶ ಹೇಳುವಂತೆ. ಹಿಂದಿನವರ ಮುಖ ಸಣ್ಣದಾಯಿತು.

ಸಿಂಘಲ್ ಸಾಹೇಬರು ತಂದದ್ದು ಒಂದು ಟೀ ಪೊಟ್ಟಣದ ದಾರ. "ಐದು ಜನರ ಮನೆ," ಎಂದರು ನಮ್ರತೆಯಿಂದ, "ಆದರೆ ನಾವು ಸರಳವಾಗಿ ಬದುಕುತ್ತೇವೆ." ಅವರ ಉಸಿರಿನಲ್ಲಿ ಛೋಲೆಯ ವಾಸನೆ ಇತ್ತು.

ಸಾಲು ಕರಗುವ ಹೊತ್ತಿಗೆ ಕಸದ ಗಾಡಿಯ ಬಬ್ಲು ಬಂದ. ತನ್ನ ಖಾಲಿ ಸೈಕಲ್‌ಗಾಡಿಯನ್ನು ನಿಲ್ಲಿಸಿ, ಟೋಪಿ ತೆಗೆದು ನನ್ನೆದುರು ನಿಂತ. ಸಂತಾಪ ಹೇಳುತ್ತಾನೆ ಅಂದುಕೊಂಡೆ. ಹೇಳಿದ ಕೂಡ, ಆದರೆ ಬೇಗ ಮುಗಿಸಿದ.

"ಮ್ಯಾಡಮ್, ಒಂದು ಮಾತು ಕೇಳಲಾ? ಸಾಹೇಬರು ಹೋದ ದುಃಖಕ್ಕೆ ಈ ಬ್ಲಾಕಿನ ಜನ ಊಟ ಬಿಟ್ಟಿದ್ದಾರಾ? ಒಂದು ಆಲೂಗಡ್ಡೆ ಸಿಪ್ಪೆ ಇಲ್ಲ, ಒಂದು ಬಾಟಲಿ ಇಲ್ಲ, ಒಂದು ರಟ್ಟಿನ ಡಬ್ಬ ಇಲ್ಲ. ಪಕ್ಕದ ಬ್ಲಾಕಿನವರು ನನ್ನನ್ನು ನೋಡಿ ನಗ್ತಾರೆ. ಖಾಲಿ ಗಾಡಿ ತಳ್ಳಿಕೊಂಡು ಹೋಗೋಕೆ ನಾಚಿಕೆಯಾಗುತ್ತೆ ಮ್ಯಾಡಮ್."

"ನಮ್ಮ ಮನೆ ಗಂಟೆ ನೀನು ಒತ್ತಲೇ ಇಲ್ಲವಲ್ಲ ಭಯ್ಯಾ?"

"ಸಾವಿನ ಮನೆ ಗಂಟೆ ಕಸಕ್ಕಾಗಿ ಒತ್ತಬಾರದು," ಎಂದ.

ಹೀಗೆ ಬ್ಲಾಕಿನಲ್ಲಿ ಕಸವಿದ್ದದ್ದು ನಮ್ಮ ಬಾಲ್ಕನಿಯಲ್ಲಿ ಮಾತ್ರ. ಸಮಾರಾಧನೆಯ ಎಲೆ, ಕಾಗದದ ಲೋಟ, ಒಣಗಿದ ಹಾರ, ಸಂತಾಪಕ್ಕೆ ಬಂದವರು ತಂದ ಸೇಬು ಕೊಳೆತದ್ದು, ಎಲ್ಲ ದೊಡ್ಡ ದೊಡ್ಡ ಕಪ್ಪು ಚೀಲಗಳಲ್ಲಿ. ವಾಸನೆ ಬರುತ್ತಿತ್ತು. ನೆರೆಹೊರೆಯವರು ಚರಂಡಿಯನ್ನು ಬೈಯುತ್ತಿದ್ದರು.

ಉಳಿದವರ ಕಸ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಲು ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತರೆ ಸಾಕಿತ್ತು. ಸಿಂಘಲ್ ಸಾಹೇಬರ ಲ್ಯಾಪ್‌ಟಾಪ್ ಚೀಲದಿಂದ ಕೋಸಿನ ಎಲೆ ಇಣುಕುತ್ತಿತ್ತು. ಅವರ ಕಾರಿನ ಡಿಕ್ಕಿ ಮುಚ್ಚುತ್ತಿರಲಿಲ್ಲ. ಮೇಲಿನ ಮನೆಯ ಬಂಗಾಳಿ ದಾದಾ ಮೀನಿನ ಮುಳ್ಳು ಹೊತ್ತು ಮೆಟ್ರೊಗೆ ಹೋಗಿ, ತಪಾಸಣೆಯ ಯಂತ್ರದಲ್ಲಿ ಸಿಕ್ಕಿಬಿದ್ದು, "ಇದೇನು?" ಎಂದು ಕೇಳಿದ್ದಕ್ಕೆ "ಸಂಶೋಧನೆ" ಎಂದು ಹೇಳಿ ಪಾರಾಗಿದ್ದರು. ಖುರಾನಾ ಆಂಟಿಯ ಮಗ ಐಎಎಸ್ ಪರೀಕ್ಷೆಗೆ ಓದುತ್ತಿದ್ದ. ದಿನಾ ಮುಖರ್ಜಿ ನಗರದ ಕೋಚಿಂಗಿಗೆ ಎರಡು ಟಿಫಿನ್ ಒಯ್ಯುತ್ತಿದ್ದ. ಒಂದು ಉಣ್ಣಲು, ಒಂದು ಎಸೆಯಲು. ಒಂದು ದಿನ ಅದಲುಬದಲಾಗಿ ಗೆಳೆಯರೆದುರು ಸಿಪ್ಪೆಯ ಡಬ್ಬ ತೆರೆದನಂತೆ. ಆ ಗೆಳೆಯರು ಹಸಿದಿದ್ದರಂತೆ. ಮುಂದಿನದನ್ನು ಆಂಟಿ ಹೇಳಲಿಲ್ಲ.

ಆ ವಾರ ಚಿರಂತನ ಸಂಸ್ಥೆಯ ನಿರ್ದೇಶಕರು ಡಾಕ್ಟರ್ ಕಾರ್ತಿಕೇಯ, ಹರ್ಷಿಣಿಯ ಜೊತೆ ಮನೆಗೆ ಬಂದರು. ಬಿಳಿ ಹೂವು ತಂದಿದ್ದರು. ಒಂದಷ್ಟು ಹೊತ್ತು ನೆಲ ನೋಡಿದರು. ಆಮೇಲೆ ತಡೆಯಲಾರದೆ ಹೇಳಿದರು.

"ಇಂಚರಾ ಅವರೇ, ಚಿರಂತ್ ದಿನಾ ಕಳಿಸುತ್ತಿದ್ದ ಅಂಕಿ ನೋಡಿದೆ, ಅದ್ಭುತ ಮಾಡಿದ್ದಾರೆ. ದಾವಣಗೆರೆಯಲ್ಲಿ ಕಸ ಇದ್ದ ಹಾಗೇ ಇದೆ. ಇಲ್ಲಿ ಬರೀ ತೂಗಿದ್ದಕ್ಕೇ ಕಸ ಹೆಚ್ಚುಕಡಿಮೆ ಮಾಯ! ಪ್ರಪಂಚದಲ್ಲಿ ಎಲ್ಲೂ ಹೀಗಾಗಿಲ್ಲ."

"ಸರ್, ಅದು..."

"ನೀವೇನೂ ಮಾತಾಡಬೇಡಿ. ಹರ್ಷಿಣಿ, ನೀರು ಕೊಡು."

"ಸರ್, ಆ ಅಂಕಿ ತಪ್ಪು. ಜನ ಕಸ ಬಚ್ಚಿಡ್ತಿದ್ದಾರೆ."

ಡಾಕ್ಟರ್ ಕಾರ್ತಿಕೇಯ ಹರ್ಷಿಣಿಯ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು. "ಸಹಜ. ಅವರ ಕೆಲಸದ ಮೇಲೇ ಸಿಟ್ಟು ಬರುತ್ತೆ. ಮಾವ ಹೋದಾಗ ನನ್ನ ಅತ್ತೆ ಅವರ ರೇಡಿಯೊ ಒಡೆದು ಹಾಕಿದ್ರು."

ಎಳೆ ವಯಸ್ಸಿನ ವಿಧವೆಗೆ ಒಂದು ವಿಶೇಷ ಗೌರವವಿದೆ. ಅವಳ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಕೇಳುವುದೂ ಇಲ್ಲ.

ಭಾನುವಾರ ಬೆಳಿಗ್ಗೆ ಬೇರೆ ಬೇರೆ ಊರಿನ ನಗರಸಭೆಗಳ ಅಧಿಕಾರಿಗಳು ನಮ್ಮ ಬ್ಲಾಕ್ ನೋಡಲು ಬರುವುದೆಂದು ನಿಗದಿಯಾಗಿತ್ತು. ವರದಿಯ ಹೆಸರು 'ಚಿರಂತ್ ಮಾದರಿ'. ಎಲ್ಲ ಊರಿಗೂ ಹೋಗುತ್ತದೆ. ತೂಗುವ ಕೆಲಸ ನಾನು ಮಾಡಿದರೆ ಸಭೆಗೆ ಒಂದು ಘನತೆ ಬರುತ್ತದೆ, ಎಂದು ಹೇಳಿ ಡಾಕ್ಟರ್ ಕಾರ್ತಿಕೇಯ ಎದ್ದರು.

ಬಾಗಿಲಲ್ಲಿ ಹರ್ಷಿಣಿ ನಿಂತಳು. "ಅಕ್ಕ, ನಿಜಾನಾ?"

"ನಿಜ."

"ಹಾಗಾದ್ರೆ ಚಿರಂತ್ ಸರ್ ಹೆಸರು ಎಲ್ಲಾ ಊರಲ್ಲೂ ನಗೆಪಾಟಲಾಗುತ್ತೆ ಅಕ್ಕ. ಬೇರೆ ಊರಿನೋರು ತೂಗಿ ನೋಡ್ತಾರಲ್ಲ."

ನನಗೂ ಅದು ಗೊತ್ತಿತ್ತು.

ಸಿಂಘಲ್ ಸಾಹೇಬರಿಗೆ ಹೇಳಲು ಹೋದೆ. ಟ್ಯಾಕ್ಸ್ ಇಲ್ಲ, ಅದು ಪರದೇಶದ ಉದಾಹರಣೆ, ನಿಮ್ಮ ಕಸ ನೀವು ತನ್ನಿ, ಎಂದೆ. ಅವರು ಪಿಸುಮಾತಿನಲ್ಲಿ, "ನಿಗಮದವರು ಹೀಗೆ ಹೇಳಿಸುತ್ತಾರೆ ಬೇಟಾ, ನಿನಗೆ ತಿಳಿಯದು" ಎಂದು ಎರಡು ಸಮೋಸ ಕೊಟ್ಟು ಕಳಿಸಿದರು. ಅಡಿಗೆಮನೆಯಿಂದ ಅವರ ಹೆಂಡತಿ ಕೂಗಿದರು: "ಪೊಟ್ಟಣದ ಕಾಗದ ಅವಳ ಮನೆಯಲ್ಲೇ ಇರಲಿ!"

ಶನಿವಾರ ಕೇಶವಮೂರ್ತಿ ಅಂಕಲ್, ಅವರ ಹೆಂಡತಿ ಪದ್ಮಾ ಆಂಟಿ ಬಂದರು. ನನ್ನನ್ನು ನೋಡಿಹೋಗಲು ಬಂದದ್ದು ನಿಜ. ಆದರೆ ಭಾನುವಾರ ಸಂಜೆ ಅವರ ಮೊಮ್ಮಗಳು ಅನನ್ಯಾಗೆ ಬೆಲ್ಲದ ತುಲಾಭಾರ; ಹೋದ ವರ್ಷ ಡೆಂಗಿ ಬಂದು ಉಳಿದುಕೊಂಡ ಹುಡುಗಿ, ಹರಕೆ. ತಕ್ಕಡಿ ಬೇಕಿತ್ತು. ಸಾವಿನ ಮನೆಯಲ್ಲಿ ಹೇಗೆ ಕೇಳುವುದೆಂದು ಅಂಕಲ್ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದರು. ಕೇಳುವ ಅಗತ್ಯ ಬೀಳಲಿಲ್ಲ. ಕೆಳಗೇ ಕಂಡಿತು. ಸ್ವಾಮಿಯ ತಕ್ಕಡಿಯ ಬಲದ ತಟ್ಟೆಯ ಮೇಲೆ ಬಂಗಾಳಿ ದಾದಾ ಒಂದು ಮೀನಿನ ಬಾಲ ಇಟ್ಟು, ದಂಡದ ಮುಳ್ಳು ಅಲುಗಿತೇ ಎಂದು ಬಗ್ಗಿ ನೋಡುತ್ತಿದ್ದರು.

ಅಂಕಲ್ ಅಲ್ಲೇ ಇದ್ದ ಸ್ಕೂಟರಿನ ಮೇಲೆ ಕೂತರು. ಅದು ಯಾರದೋ.

"ಪದ್ಮಾ," ಎಂದರು, "ನಾನು ಏನು ನೋಡ್ತಿದ್ದೀನಿ?"

"ಮೀನು," ಎಂದರು ಪದ್ಮಾ ಆಂಟಿ.

"ಮೂವತ್ತು ವರ್ಷ ಫೈಲು ನೋಡಿದ್ದೀನಿ. ಸೂತಕ ತಗುಲಿದ ವಸ್ತುವಿಗೆ ಪುಣ್ಯಾಹ ಅಂತ ಸ್ಪಷ್ಟ ವಿಧಿ ಇದೆ. ಕಸಕ್ಕೆ? ನಿಯಮ ಮೌನವಾಗಿದೆ. ಮೀನಿಗೆ? ಪೂರ್ವನಿದರ್ಶನವೇ ಇಲ್ಲ!"

"ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹೋಗುತ್ತೆ ಬಿಡಿ."

"ಅಭಿಪ್ರಾಯ ಮಂಡಿಸಬೇಡ ಪದ್ಮಾ, ವಿಷಯ ಪರಿಶೀಲನೆಯಲ್ಲಿದೆ." ಅವರು ಎದ್ದು ಕಲ್ಲುಗಳನ್ನು ಎಣಿಸಿದರು. "ಒಂದು ಅರ್ಧ ಕಿಲೋ ಕಡಿಮೆ ಇದೆಯಲ್ಲಮ್ಮ ಇಂಚರಾ."

"ಮೇಲಿದೆ ಅಂಕಲ್. ತಂದುಕೊಡ್ತೀನಿ."

ಈಗಲೇ ಬಿಚ್ಚಿಕೊಂಡು ಹೋಗುತ್ತೇನೆ ಎಂದು ಅಂಕಲ್ ಹಟ ಹಿಡಿದರು. ಸಿಂಘಲ್ ಸಾಹೇಬರು ಓಡಿಬಂದು ತಡೆದರು. ಇದು ಸರ್ಕಾರಿ ತಕ್ಕಡಿ, ಎಂದು ಅವರು; ಇದು ದೇವರ ತಕ್ಕಡಿ, ಎಂದು ಇವರು. ಸರ್ಕಾರಕ್ಕೆ ಹೆದರದಿದ್ದರೂ ದೇವರಿಗೆ ಹೆದರಬೇಕೆಂದು ಅಂಕಲ್ ತಮ್ಮ ಕಚೇರಿಯ ಹಿಂದಿಯಲ್ಲಿ ಹೇಳಿದರು. ದೇವರು ಟ್ಯಾಕ್ಸ್ ಹಾಕುವುದಿಲ್ಲ, ಎಂದರು ಸಿಂಘಲ್. ಕೊನೆಗೆ ಪದ್ಮಾ ಆಂಟಿ, ಬೆಳಿಗ್ಗೆ ಇವರದಾಗಲಿ, ಸಂಜೆ ನಮ್ಮದು, ಎಂದು ತೀರ್ಪು ಕೊಟ್ಟರು. ಹೋಗುವ ಮುಂಚೆ ನನ್ನ ತೋಳನ್ನು ಹಿಡಿದು ನೋಡಿದರು.

"ಏನು ತಿಂತಿದ್ದೀಯ?"

"ಸಮೋಸ."

"ಅಚ್ಛಾ," ಎಂದರು. ದೆಹಲಿಗೆ ಬಂದು ಅವರಿಗೂ ಬಹಳ ವರ್ಷವಾಗಿತ್ತು.

ಭಾನುವಾರ ಬೆಳಿಗ್ಗೆ ಶಾಮಿಯಾನ ಎದ್ದಿತು. ತಕ್ಕಡಿಯ ದಂಡಕ್ಕೆ ಚೆಂಡುಹೂವಿನ ಮಾಲೆ. ಹಿಂದೆ ದೊಡ್ಡ ಬ್ಯಾನರು: 'ಚಿರಂತ್ ಮಾದರಿ'. ಅದರ ಮೇಲೆ ಅವನ ಆಫೀಸಿನ ಗುರುತಿನ ಚೀಟಿಯ ಫೋಟೊ, ಕಣ್ಣು ಅರ್ಧ ಮುಚ್ಚಿದ್ದು. ತಕ್ಕಡಿಯ ಪಕ್ಕದಲ್ಲಿ ಕೇಶವಮೂರ್ತಿ ಅಂಕಲ್ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಅಧಿಕಾರಿಗಳು ಅವರನ್ನು ನಿಗಮದವರೆಂದು ತಿಳಿದು ಕೈಮುಗಿದರು. ಅಂಕಲ್ ಅಭ್ಯಾಸಬಲದಿಂದ, "ನೋಡೋಣ, ಫೈಲು ಪುಟ್ ಅಪ್ ಮಾಡಿ" ಎಂದರು.

ಅಧಿಕಾರಿಗಳಲ್ಲಿ ಹಿರಿಯರು ಯಾವುದೋ ಸಣ್ಣ ಊರಿನ ಆಯುಕ್ತರು. ದಪ್ಪನೆಯ, ಸಾವಧಾನದ ಮನುಷ್ಯ. ಅವರು ಸಿಂಘಲ್ ಸಾಹೇಬರನ್ನು ಕೇಳಿದರು:

"ನಿಮ್ಮಲ್ಲಿ ಕಸ ಏನಾಗುತ್ತದೆ?"

"ಆಗುವುದೇ ಇಲ್ಲ ಸರ್."

"ಅಡಿಗೆ ಮಾಡುತ್ತೀರಲ್ಲ?"

"ಮಾಡುತ್ತೇವೆ."

"ತರಕಾರಿ ಸಿಪ್ಪೆ?"

"ಸಿಪ್ಪೆ ಸಮೇತ ಸರ್."

"ಬಾಳೆಹಣ್ಣು?"

ಸಿಂಘಲ್ ಹೆಂಡತಿಯ ಕಡೆ ನೋಡಿದರು. "ಅದೂ."

ಆಯುಕ್ತರು ಬರೆದುಕೊಳ್ಳಲಿಲ್ಲ. ಡಾಕ್ಟರ್ ಕಾರ್ತಿಕೇಯ ಬರೆದುಕೊಂಡರು.

ನನ್ನನ್ನು ಕರೆದರು. ಮೈಕು ಕೊಟ್ಟರು. "ಇದು ಸುಳ್ಳು," ಎಂದೆ. "ಇವರು ಟ್ಯಾಕ್ಸಿಗೆ ಹೆದರಿ ಕಸ ಬಚ್ಚಿಟ್ಟಿದ್ದಾರೆ. ಟ್ಯಾಕ್ಸ್ ಇಲ್ಲ. ನನ್ನ ಗಂಡ ಹಾಗೆ ಹೇಳಿರಲಿಲ್ಲ."

ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೋ ಕುರ್ಚಿ ತಂದರು. ಯಾರೋ ಗ್ಲುಕೋಸ್ ನೀರು ತಂದರು. ಡಾಕ್ಟರ್ ಕಾರ್ತಿಕೇಯ ಮೈಕು ಹಿಂದಕ್ಕೆ ತೆಗೆದುಕೊಂಡು, "ನಾವೆಲ್ಲ ಅವರ ನೋವಿನಲ್ಲಿ ಭಾಗಿಗಳು" ಎಂದರು. ಚಪ್ಪಾಳೆ.

ನಾನು ಮೇಲೆ ಹೋದೆ. ಬಾಲ್ಕನಿಯ ಚೀಲಗಳನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಇಳಿದೆ. ಬಬ್ಲು ಓಡಿಬಂದು ಕೈಹಾಕಿದ. ಒಂದು ಚೀಲದ ಬಾಯಿಯಲ್ಲಿ ಚಿರಂತನ ಸವೆದ ಚಪ್ಪಲಿ ಕಾಣುತ್ತಿತ್ತು, ನೆಂಟರು ಕಟ್ಟಿಟ್ಟದ್ದು. ಹಾಗೇ ಇರಲೆಂದು ಬಿಟ್ಟೆ. ಎಲ್ಲವನ್ನೂ ಒಂದರ ಮೇಲೊಂದು ಬಲದ ತಟ್ಟೆಯ ಮೇಲೆ ಹೇರಿದೆವು.

ತಟ್ಟೆ ದಢಾರನೆ ನೆಲಕ್ಕೆ ಬಡಿಯಿತು. ಎಡದ ತಟ್ಟೆ ಮೇಲೆ ಹಾರಿ, ಕಲ್ಲುಗಳನ್ನು ಉದುರಿಸಿ, ಬ್ಯಾನರಿಗೆ ಸಿಕ್ಕಿಕೊಂಡಿತು. ಕೇಶವಮೂರ್ತಿ ಅಂಕಲ್ ಕುರ್ಚಿ ಸಮೇತ ಹಿಂದೆ ಸರಿದರು. ಇಷ್ಟು ದಿನ ಚರಂಡಿಯದೆಂದು ತಿಳಿದಿದ್ದ ವಾಸನೆ ಸಭೆಗೆ ಬಂದು ಕೂತಿತು.

"ಇದು ಒಂದು ಮನೆಯದು," ಎಂದೆ.

ಖುರಾನಾ ಆಂಟಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮುಖ ಬಿಳಿಚಿಕೊಂಡಿತು. ಎದ್ದು ನಿಂತು ಎದೆ ಬಡಿದುಕೊಂಡರು.

"ಹಾಯ್ ರಬ್ಬಾ! ಇಷ್ಟಕ್ಕೆಲ್ಲ ಈ ಮಗು ಒಬ್ಬಳೇ ಟ್ಯಾಕ್ಸ್ ಕಟ್ಟಬೇಕಾ? ಗಂಡ ಹೋಗಿ ಇನ್ನೂ ತಿಂಗಳಾಗಿಲ್ಲ! ಸಾಹೇಬರೇ, ಬರೆದುಕೊಳ್ಳಿ. ಆ ಎಲೆಗಳಲ್ಲಿ ಒಂದು ನನ್ನದು. ನಾನು ಅಲ್ಲಿ ಊಟ ಮಾಡಿದ್ದೇನೆ. ಎರಡು ಸಲ ಪಾಯಸ ಹಾಕಿಸಿಕೊಂಡಿದ್ದೇನೆ!"

"ಲೋಟ ನನ್ನದು," ಎಂದರು ಬಂಗಾಳಿ ದಾದಾ, ಎದ್ದು. "ಮೂರು ಲೋಟ ಚಹಾ ನಾನೊಬ್ಬನೇ ಕುಡಿದೆ."

"ಆ ಸೇಬು ನಾನು ತಂದದ್ದು," ಎಂದು ಹಿಂದಿನಿಂದ ಯಾರೋ.

"ಬಾಯಿಮಾತಿನಲ್ಲಿ ಏನು ಹಂಚಿಕೊಳ್ಳುತ್ತೀರಿ?" ಎಂದು ಆಂಟಿ ಸಿಂಘಲ್ ಸಾಹೇಬರ ಕಡೆ ತಿರುಗಿದರು. "ಎಲ್ಲರೂ ತಮ್ಮ ತಮ್ಮದು ತಂದು ಹಾಕಿ. ಎಲ್ಲರದೂ ಇಷ್ಟೇ ಅಂತ ಆದರೆ ಅವಳೊಬ್ಬಳದು ಕಣ್ಣಿಗೆ ಕಾಣುವುದಿಲ್ಲ. ಪ್ರಧಾನ್‌ಜೀ, ಡಿಕ್ಕಿ ತೆಗೀರಿ!"

ಸಿಂಘಲ್ ಸಾಹೇಬರು ಬ್ಯಾನರಿನ ಫೋಟೊ ನೋಡಿದರು, ನನ್ನನ್ನು ನೋಡಿದರು, ಆಯುಕ್ತರನ್ನು ನೋಡಿದರು. ಆಮೇಲೆ ಬೀಗದ ಕೈ ತೆಗೆದರು. ಡಿಕ್ಕಿ ತಾನಾಗಿಯೇ ತೆರೆದುಕೊಂಡಿತು, ಅದೂ ಎಷ್ಟು ದಿನ ತಡೆದೀತು? ಮಂಚದ ಕೆಳಗಿನಿಂದ, ಕೂಲರ್‌ಗಳ ಒಳಗಿನಿಂದ, ನೀರಿನ ಟ್ಯಾಂಕಿನ ಹಿಂದಿನಿಂದ ಚೀಲಗಳು ಬಂದವು. ಭಾನುವಾರ ಕೋಚಿಂಗ್ ರಜೆಯಾದ್ದರಿಂದ ಖುರಾನಾ ಆಂಟಿಯ ಮಗನ ಟಿಫಿನ್ನೂ ಬಂತು. ಬಬ್ಲು ಮದುವೆಮನೆಯ ಯಜಮಾನನಂತೆ ಎಲ್ಲರನ್ನೂ ಬರಮಾಡಿಕೊಂಡ. "ಬನ್ನಿ, ಬನ್ನಿ, ಇನ್ನೂ ಇದೆಯಾ? ಭೇಷ್!"

ಹರ್ಷಿಣಿ ಒಂದೊಂದನ್ನೂ ತೂಗಿದಳು. ಎಷ್ಟು ದಿನದ್ದೆಂದು ಕೇಳಿ, ಭಾಗಿಸಿ, ಫೋನಿನಲ್ಲಿ ಕೂಡಿದಳು. ಆಮೇಲೆ ತಲೆಯೆತ್ತಿದಳು.

"ಸರ್, ದಾವಣಗೆರೆಯಷ್ಟೇ. ವ್ಯತ್ಯಾಸ ಇಲ್ಲ."

ಡಾಕ್ಟರ್ ಕಾರ್ತಿಕೇಯ ಕುರ್ಚಿಯಲ್ಲಿ ಕುಸಿದರು. ನನಗೆಂದು ತಂದಿದ್ದ ಗ್ಲುಕೋಸ್ ನೀರನ್ನು ಅವರೇ ಕುಡಿದರು.

"ಈಗ ನಂಬಬಹುದು," ಎಂದರು ಆಯುಕ್ತರು, ಪೆನ್ನು ತೆಗೆದು. "ನಮ್ಮ ಊರಲ್ಲೂ ಇಷ್ಟೇ." ಟ್ಯಾಕ್ಸ್ ಇಲ್ಲವೆಂದು ಅವರು ಸಭೆಗೆ ಹೇಳಿದಾಗ ಎಲ್ಲರೂ ತಕ್ಷಣ ನಂಬಿದರು. ನಾನು ಹೇಳಿದ್ದೂ ಅದನ್ನೇ, ಆದರೆ ನನ್ನ ಹತ್ತಿರ ಸರ್ಕಾರಿ ಜೀಪು ಇರಲಿಲ್ಲ. ಮಾತಿನ ಮಧ್ಯೆ ಅವರು, ನಮ್ಮ ಊರಲ್ಲಿ ನಾಯಿ ಸಾಕಲು ಪರವಾನಗಿ ಬೇಕು, ಎಂದೂ ಹೇಳಿಬಿಟ್ಟರು. ಆ ಸಂಜೆ ವಾಟ್ಸಾಪ್ ಗುಂಪಿನಲ್ಲಿ ನಾಯಿಗಳ ಮೇಲಿನ ಹೊಸ ಟ್ಯಾಕ್ಸಿನ ಸುದ್ದಿ ಬಂತು. ಮೂಲೆಮನೆಯವರು ತಮ್ಮ ನಾಯಿಯನ್ನು ಭಾವಮೈದುನನ ಮನೆಗೆ ಕಳಿಸಿದರು.

ಬ್ಯಾನರು ಬಿಚ್ಚುವಾಗ ಡಾಕ್ಟರ್ ಕಾರ್ತಿಕೇಯ ನನ್ನ ಹತ್ತಿರ ಬಂದರು. "ಮಾದರಿ ಹೋಯ್ತು. ವರದಿ ಮಾತ್ರ ಚಿರಂತ್ ಹೆಸರಲ್ಲೇ ಬರುತ್ತೆ. ಆದರೆ ಎರಡು ಊರೂ ಒಂದೇ ಅನ್ನೋ ವರದಿನ ಯಾರೂ ಓದಲ್ಲ, ಇಂಚರಾ ಅವರೇ."

"ಅವನಿಗೆ ಅದು ಅಭ್ಯಾಸ ಇತ್ತು ಸರ್," ಎಂದೆ.

ಮಧ್ಯಾಹ್ನ ಹುಣಸೆಹಣ್ಣು ಹಾಕಿ ಸರಪಳಿ ಉಜ್ಜಿದೆ. ಖುರಾನಾ ಆಂಟಿ ತಟ್ಟೆ ತಿಕ್ಕಿದರು. ಕೇಶವಮೂರ್ತಿ ಅಂಕಲ್ ಪಕ್ಕದಲ್ಲಿ ನಿಂತು ಮಂತ್ರ ಹೇಳಿದರು. ಯಾವ ಮಂತ್ರ ಅನ್ವಯಿಸುತ್ತದೆಂದು ಖಚಿತವಿಲ್ಲದೆ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಟ್ಟರು. ಆಟೊದಲ್ಲಿ ತಕ್ಕಡಿಗೆ ಒಂದು ಸೀಟು, ನಮಗೆ ಉಳಿದದ್ದು.

ಹೊರಡುವ ಮುಂಚೆ ಮೇಲೆ ಹೋಗಿ, ಚಿರಂತನ ಕಾಗದಗಳ ಮೇಲಿನ ಅರ್ಧ ಕಿಲೋ ಕಲ್ಲನ್ನು ಎತ್ತಿಕೊಂಡೆ. ಫ್ಯಾನು ತಿರುಗುತ್ತಿತ್ತು. ಕಾಗದಗಳು ಕೋಣೆ ತುಂಬ ಹಾರಿದವು. ಆರಿಸಲಿಲ್ಲ.

ದೇವಸ್ಥಾನದಲ್ಲಿ ನಾನು ಹೊರಗೇ ನಿಂತೆ. ವರ್ಷ ತುಂಬುವವರೆಗೆ ಒಳಗೆ ಬರಬಾರದೆಂದು ಕೆಲವರು, ಹಾಗೇನಿಲ್ಲವೆಂದು ಕೆಲವರು. ಅಂಕಲ್ ಅದನ್ನೂ ಪರಿಶೀಲನೆಗೆ ತೆಗೆದುಕೊಳ್ಳುವ ಮುಂಚೆ ಪದ್ಮಾ ಆಂಟಿ ನನ್ನ ಕೈಹಿಡಿದು ತಕ್ಕಡಿಯ ಪಕ್ಕಕ್ಕೆ ಎಳೆದುಕೊಂಡರು.

ಅನನ್ಯಾ ರೇಷ್ಮೆಲಂಗ ಉಟ್ಟು ತಟ್ಟೆಯ ಮೇಲೆ ಕೂತಳು. ಮೂಗು ಸುಕ್ಕಿಸಿದಳು. "ತಾತಾ, ಇಸ್ ಪ್ಲೇಟ್ ಸೇ ಫಿಶ್ ಕೀ ಸ್ಮೆಲ್ ಆ ರಹೀ ಹೈ."

"ಅದು ಹುಣಸೆಹಣ್ಣು," ಎಂದರು ಅಂಕಲ್, ದೇವರ ಕಡೆ ನೋಡದೆ.

ಇನ್ನೊಂದು ತಟ್ಟೆಗೆ ಬೆಲ್ಲದ ಅಚ್ಚುಗಳನ್ನು ಹೇರಿದರು. ಹುಡುಗಿ ಮೇಲೇಳುತ್ತ ಬಂದಳು. ತಂದ ಬೆಲ್ಲವೆಲ್ಲ ಮುಗಿಯಿತು, ಆದರೂ ಅವಳ ತಟ್ಟೆ ಒಂದು ಕೂದಲೆಳೆ ಕೆಳಗೇ ಉಳಿಯಿತು. ಅಂಕಲ್ ಒಂದು ತುಳಸಿ ದಳ ಇಟ್ಟು ನೋಡಿದರು. ಆಗಲಿಲ್ಲ. ಎರಡು ಇಟ್ಟರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಲ್ಲದ ಅಂಗಡಿ ದೂರ.

ನಾನು ಕೈಚೀಲದಿಂದ ಕಲ್ಲು ತೆಗೆದು ಬೆಲ್ಲದ ಮೇಲಿಟ್ಟೆ.

ಅನನ್ಯಾ ಮೇಲೆ ಬಂದಳು. ಮುಳ್ಳು ನಡುವೆ ನಿಂತಿತು.

ಅಂಕಲ್ ರಸೀದಿ ಪುಸ್ತಕ ಹಿಡಿದು ತಲೆ ಕೆರೆದುಕೊಂಡರು. "ಬೆಲ್ಲ ನಮ್ಮದು, ಸರಿ. ಈ ಅರ್ಧ ಕಿಲೋ ಯಾರ ಲೆಕ್ಕಕ್ಕೆ?"

"ಚಿರಂತನ ಕಡೆಯಿಂದ ಅಂತ ಬರೀರಿ," ಎಂದರು ಪದ್ಮಾ ಆಂಟಿ.

"ಆದರೆ ಕಲ್ಲು ದೇವಸ್ಥಾನದ್ದೇ, ಪದ್ಮಾ!"

"ತೊಗೊಂಡು ಹೋಗಿದ್ದ. ತಂದುಕೊಟ್ಟ. ಬರೀರಿ."

ಅಂಕಲ್ ಕನ್ನಡಕ ಸರಿಮಾಡಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಬರೆದರು.